ಆಕಾಶದ ಕೊಡೆ

ಬೈಂದೂರಿನಿಂದ ಫೋನು ಬಂದಾಗ ಸುಬ್ಬರಾಯ ಹೊಳ್ಳರು ಸಾಲಿಗ್ರಾಮದ ಮನೆಯ ಜಗಲಿಯಲ್ಲಿ ಕೂತು ಬೆಳಗಿನ ಗಂಜಿ ಉಣ್ಣುತ್ತಿದ್ದರು. ತೊಂಬತ್ತೆರಡರ ಪ್ರಾಯಕ್ಕೆ ಮಂಡಿ ಹೋಗಿತ್ತು, ಹಲ್ಲು ಎಂದೋ ಹೋಗಿತ್ತು. ಕಣ್ಣು ಕಿವಿ ಮಾತ್ರ ಹೋಗುವ ಲಕ್ಷಣ ಕಾಣಿಸಿರಲಿಲ್ಲ. ಒಳಗೆ ಫೋನು ಹಿಡಿದ ಸೊಸೆ ಗೋಮತಿ, "ಹೌದಾ? ಯಾವಾಗ? ಅಯ್ಯೋ ದೇವ್ರೇ" ಎಂದದ್ದು ಕೇಳಿಸಿತು. ಹೊಳ್ಳರು ಬಾಯಿಗಿಟ್ಟ ಮಾವಿನಮಿಡಿ ಅಲ್ಲೇ ಉಳಿಯಿತು. ಕರೆ ಯಾರ ಮನೆಯದ್ದೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಈ ಕರೆಗೆ ಹೆದರಿಕೊಂಡೇ ಅವರು ಎಪ್ಪತ್ತು ವರ್ಷ ಕಳೆದಿದ್ದರು.

ಗೋಮತಿ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದಳು.

"ಮಾವಯ್ಯ, ಬೈಂದೂರಿನ್ ವಿನಯಾ ಫೋನ್ ಮಾಡದ್. ಸುಗುಣಕ್ಕನ್ನ ಆಸ್ಪತ್ರೆಯಿಂದ ಮನಿಗ್ ಕರ್ಕಂಡ್ ಬಂದ್ರಂಬ್ರ್. ಇನ್ನ್ ಒಂದೆರಡ್ ದಿನ ಅಂದ್ರಂಬ್ರ್ ಡಾಕ್ಟ್ರ್."

"ಮತ್ತೆ?"

"ನಿಮ್ಮನ್ನ ಕಾಣ್ಕಂಬ್ರ್. ಅವ್ರ್ ಮನೆಯವ್ರಿಗೆಲ್ಲ ಒಂದ್ ಗೊಂದಲ. ಹೋದ್ ಮೇಲೆ ಮುತ್ತೈದೆ ಅಂದೇಳಿ ಹೂ ಕುಂಕುಮ ಇಟ್ಟ್ ಕಳ್ಸುದಾ, ಅಲ್ದಾ ಅಂತ. ಸುಗುಣಕ್ಕ ಹೇಳ್ತ್ರಂಬ್ರ್, ಹೊಳ್ಳ್ರ್ ಕಣ್ಣಾರೆ ಕಂಡವ್ರ್, ಅವ್ರೇ ಬಂದ್ ಹೇಳ್ಲಿ ಅಂತ."

ಹೊಳ್ಳರು ಮಿಡಿಯನ್ನು ಉಗುಳಿದರು. ಗಂಜಿಯ ಬಟ್ಟಲನ್ನು ದೂರ ಸರಿಸಿದರು.

"ಎಂತ, ಉಣ್ಣುದಿಲ್ಯಾ? ಮುಖ ಎಂತಕ್ ಹಾಂಗ್ ಬೆಳ್ಚಿತ್?" ಎಂದಳು ಗೋಮತಿ.

"ನನ್ ಮುಖಕ್ಕೆ ಎಂತ ಆಯ್ದಿಲ್ಲೆ. ನಂಗೆಂತಕ್ ಆತ್ತ್?" ಎಂದು ಅವರು ಗದರಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿಯ ಉತ್ತರ ಅದು. ಗೋಮತಿ ಮಾವನ ಸಿಟ್ಟಿಗೆ ಮೂವತ್ತೈದು ವರ್ಷದಿಂದ ಒಗ್ಗಿಕೊಂಡವಳು. ಮಗ ಶ್ರೀರಾಮನನ್ನು ಕರೆದು ಗಾಡಿ ತೆಗೆಯಲು ಹೇಳಿದಳು.

ಶ್ರೀರಾಮನದ್ದು ಹಳೆಯ ಓಮ್ನಿ. ದೇವಸ್ಥಾನಕ್ಕೆ ಅಡುಗೆ ಸಾಮಾನು ಸಾಗಿಸುವುದು, ಮದುವೆಮನೆಗೆ ಜನ ಸಾಗಿಸುವುದು ಅವನ ಕೆಲಸ. ಅದರಲ್ಲಿ ಡ್ರೈವರಿನ ಬೆನ್ನ ಹಿಂದೆ, ಹಿಂದಕ್ಕೆ ಮುಖಮಾಡಿ ಕೂರುವ ಒಂದು ಸೀಟಿದೆ. ಉಳಿದವರಿಗೆಲ್ಲ ಅಲ್ಲಿ ಕೂತರೆ ತಲೆ ತಿರುಗಿ ವಾಂತಿ ಬರುತ್ತದೆ. ಹೊಳ್ಳರು ಮಾತ್ರ ಅಲ್ಲದೆ ಬೇರೆಲ್ಲೂ ಕೂರುವವರಲ್ಲ. ಯುದ್ಧದ ಕಾಲದಲ್ಲಿ ಅವರು ಬಾಂಬು ಹಾಕುವ ವಿಮಾನದಲ್ಲಿ ಗನ್ನರ್ ಆಗಿದ್ದರೆಂಬುದು ಊರಿಗೆಲ್ಲ ಗೊತ್ತು. ಎರಡೇ ಆಳಿನ ವಿಮಾನ. ಮುಂದೆ ನೋಡಿ ಓಡಿಸುವವನು ಪೈಲಟ್. ಅವನಿಗೆ ಬೆನ್ನು ಕೊಟ್ಟು, ಜೋಡಿ ಮಷಿನ್‌ಗನ್ನು ಹಿಡಿದು, ಬಂದ ದಾರಿಯನ್ನು ನೋಡುತ್ತ ಕೂರುವವನು ಗನ್ನರ್. ಹಿಂದಿನಿಂದ ಬರುವ ವೈರಿ ಅವನೊಬ್ಬನಿಗೇ ಕಾಣುವುದು. ಅವನು ಕಂಡದ್ದೇ ಸತ್ಯ, ಅವನು ಹೇಳಿದ್ದೇ ಸುದ್ದಿ.

ಹೊಳ್ಳರು ಬರ್ಮಾದ ಗಡಿಯಲ್ಲಿ ಜಪಾನಿಯರ ವಿಮಾನವೊಂದನ್ನು ಹೊಡೆದುರುಳಿಸಿದ ಕತೆಯನ್ನು ಪ್ರತಿ ಆಗಸ್ಟ್ ಹದಿನೈದಕ್ಕೆ ಬ್ರಹ್ಮಾವರದ ಕಡೆಯ ಯಾವುದಾದರೊಂದು ಶಾಲೆಯ ಮಕ್ಕಳು ಕೇಳುತ್ತಿದ್ದರು. ಕೊನೆಯಲ್ಲಿ ಹಾರ, ಹಣ್ಣು, ಒಂದು ಶಾಲು. ಮನೆಯ ಕಪಾಟಿನಲ್ಲಿ ನಲವತ್ತೋ ಐವತ್ತೋ ಶಾಲುಗಳಿದ್ದವು. ಒಂದನ್ನೂ ಅವರು ಹೊದ್ದವರಲ್ಲ, ಮನೆಯವರು ಯಾರಿಗಾದರೂ ಕೊಡಲು ಹೋದರೆ ಬೈಯುತ್ತಲೂ ಇರಲಿಲ್ಲ. ವಿನಯದ ಮನುಷ್ಯ ಎಂದು ಊರು ಹೊಗಳಿತು. ಊರಿಗೇನು, ಹೊಗಳಲಿಕ್ಕೆ ಒಂದು ಮೋರೆ ಸಿಕ್ಕರೆ ಸಾಕು.

ಓಮ್ನಿ ಹೆದ್ದಾರಿಗೆ ಬಿದ್ದಿತು. ಮೇ ತಿಂಗಳ ಬಿಸಿಲು ಒಂಬತ್ತು ಗಂಟೆಗೇ ಚುರುಗುಟ್ಟುತ್ತಿತ್ತು. ನಾಲ್ಕು ಲೇನಿನ ಕೆಲಸ ನಡೆದು ರಸ್ತೆಯ ಎರಡೂ ಬದಿಗೆ ಕೆಂಪು ಮಣ್ಣು ಅಗೆದು ಹಾಕಿದ್ದರು. ತೆಕ್ಕಟ್ಟೆ ದಾಟಿತು, ಕೋಟೇಶ್ವರ ದಾಟಿತು. ಹಿಂದಿನ ಗಾಜಿನಲ್ಲಿ ಧೂಳು ಬಿಟ್ಟರೆ ಬೇರೇನೂ ಇಲ್ಲ. ಬೆನ್ನ ಹಿಂದೆ ಮೊಮ್ಮಗನ ದನಿ ಮಾತ್ರ.

"ಅಜ್ಜಯ್ಯ, ಸುಗುಣಕ್ಕನ್ ಗಂಡ, ಆ ತಿಮ್ಮ ಅಂಬವ್ರ್, ನಿಜವಾಗಿ ಬದ್ಕಿದ್ದಿರ್ಲಿಕ್ ಸಾಧ್ಯ ಇತ್ತಾ?"

ಹೊಳ್ಳರು ಬಟ್ಟೆಯ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡರು.

"ನೀವ್ ಪ್ಯಾರಾಚೂಟ್ ಕಂಡಿದ್ರಿ ಅಲ್ದಾ? ಬಿದ್ದವ್ರನ್ನ ಜಪಾನಿನವ್ರ್ ಹಿಡ್ಕಂಡ್ ಹೋಯ್ರ್ಕ್. ಆದ್ರೆ ಈಗ ಎಂತ ಹೇಳ್ಕ್? ಎಪ್ಪತ್ತ್ ವರ್ಷ ಆಯ್ತ್. ಬದ್ಕಿದ್ರೂ ಈಗ ಇಪ್ಪುದಿಲ್ಲೆ. ಸುಮ್ನೆ ಮುತ್ತೈದೆ ಅಂದೇಳಿ ಬಿಡಿ. ಹೋಪ ಜೀವ, ಸಂತೋಷದಲ್ ಹೋಗ್ಲಿ."

ಮೊಮ್ಮಗ ಒಳ್ಳೆಯ ಬುದ್ಧಿಯನ್ನೇ ಹೇಳಿದ್ದ. ಸರಿಯಾಗಿ ಇದನ್ನೇ ಹೊಳ್ಳರು ಇಪ್ಪತ್ತನಾಲ್ಕರ ಪ್ರಾಯದಲ್ಲಿ ತಮಗೆ ತಾವೇ ಹೇಳಿಕೊಂಡಿದ್ದರು.

ಕುಂದಾಪುರ ದಾಟಿ ಸಂಗಮದ ಸೇತುವೆ ಕಳೆದದ್ದೇ, ಹಿಂದಿನ ಧೂಳಿನೊಳಗಿಂದ ಏನೋ ಒಂದು ಕರ್ರಗೆ ಎದ್ದು ಬಂತು. ಮೊದಲು ಮೂತಿ ಮಾತ್ರ ಕಂಡಿತು. ಬಿಸಿಲು ಗಾಜಿಗೆ ಹೊಡೆದು ಬಣ್ಣ ತಿಳಿಯದು, ಗುರುತು ತಿಳಿಯದು. ಅದು ದೊಡ್ಡದಾಗುತ್ತಲೇ ಬಂತು. ಹೊಳ್ಳರ ಎರಡೂ ಕೈ ತಾವಾಗಿ ಮೇಲೆದ್ದವು. ತೊಡೆಯ ಮೇಲಿದ್ದ ಬಟ್ಟೆಯ ಚೀಲವನ್ನು ಮುಷ್ಟಿಯಲ್ಲಿ ಹಿಡಿದು ಹೆಬ್ಬೆರಳುಗಳು ಅಮುಕಿದವು. ಚೀಲದಲ್ಲಿದ್ದ ಬಿಸ್ಕೀಟಿನ ಪೊಟ್ಟಣ ಚರಚರ ಪುಡಿಯಾಯಿತು. ಧೂಳು ಕಳೆದಾಗ ಕಂಡದ್ದು ಒಂದು ಟಿಪ್ಪರ್ ಲಾರಿ. ಅದರ ಡ್ರೈವರು ಮುದುಕನ ಮುಖ ಕಂಡು ಹಲ್ಲು ಕಿರಿದು, ಹಾರ್ನ್ ಹೊಡೆದು, ಪಕ್ಕದಲ್ಲೇ ದಾಟಿ ಹೋದ.

ಹೊಳ್ಳರ ಕೈ ಎಷ್ಟು ಹೊತ್ತಾದರೂ ಚೀಲವನ್ನು ಬಿಡಲಿಲ್ಲ.

ತಿಮ್ಮ ಅಮಾಸೆಬೈಲಿನವನು. ಇವರಿಬ್ಬರೂ ಭೇಟಿಯಾದದ್ದು ಮುಂಬಯಿಯಲ್ಲಿ, ಕೋಟೆಯ ಕಡೆಯ ಒಂದು ಹೋಟೆಲಿನಲ್ಲಿ. ಜನಿವಾರದ ದೆಸೆಯಿಂದ ಹೊಳ್ಳರು ಅಡುಗೆಮನೆಯೊಳಗೆ ದೋಸೆ ಎರೆಯುವುದು, ತಿಮ್ಮ ಹೊರಗೆ ಲೋಟ ತೊಳೆಯುವುದು. ಹಗಲಿನ ಭೇದ ಅಷ್ಟೇ. ಸಂಜೆಯ ಮೇಲೆ ಹೋಟೆಲ್ ಹುಡುಗರಿಗೆಂದೇ ನಡೆಯುತ್ತಿದ್ದ ಕನ್ನಡ ಶಾಲೆಯಲ್ಲಿ ಇಬ್ಬರಿಗೂ ಒಂದೇ ಬೆಂಚು. ತಿಮ್ಮನ ಇಂಗ್ಲಿಷು ಹೊಳ್ಳರದ್ದಕ್ಕಿಂತ ಚೆನ್ನಾಗಿತ್ತು. ಇವರಿಗೆ ಹೊಟ್ಟೆಕಿಚ್ಚೂ ಇತ್ತು, ಅಭಿಮಾನವೂ ಇತ್ತು. ಮೆಟ್ರಿಕ್ ಪಾಸಾದದ್ದೇ ವಾಯುಪಡೆಗೆ ಆಳು ಬೇಕೆಂಬ ಜಾಹೀರಾತು ಕಣ್ಣಿಗೆ ಬಿತ್ತು. ಪೈಲಟ್ ಆಗುವಷ್ಟು ಓದು ಇಬ್ಬರಿಗೂ ಇರಲಿಲ್ಲ. ಗನ್ನರ್ ಆಗಬಹುದು ಎಂದರು. ತಿಮ್ಮ ಆಗಷ್ಟೇ ಊರಿಗೆ ಹೋಗಿ ಬೈಂದೂರಿನ ಸುಗುಣಳನ್ನು ಮದುವೆಯಾಗಿ ಬಂದಿದ್ದ. ಹುಡುಗಿಗೆ ಹದಿನಾರು. ಭೋಪಾಲದಲ್ಲಿ ತರಬೇತಿ, ಆಮೇಲೆ ಬರ್ಮಾದ ಗಡಿ. ಅಲ್ಲಿ ಏನೇನು ತಿಂದೆ ಎಂದು ಹೊಳ್ಳರ ತಾಯಿ ಆಮೇಲೆ ಯಾವತ್ತೂ ಕೇಳಲಿಲ್ಲ, ಇವರು ಹೇಳಲಿಲ್ಲ.

ಮೇಲೆ ಹಾರುವಾಗ ಎಂಜಿನ್ನಿನ ಎಣ್ಣೆಯ ಹನಿ ಸಿಡಿದು ಕುತ್ತಿಗೆಗೆ ಬೀಳುತ್ತಿತ್ತು. ಅದಕ್ಕೆ ತಿಮ್ಮ ಮೈ ಒರೆಸುವ ಊರಿನ ಕೆಂಪು ಚೌಕುಳಿಯ ಬೈರಾಸನ್ನು ಕುತ್ತಿಗೆಗೆ ಸುತ್ತಿಕೊಳ್ಳುತ್ತಿದ್ದ. ಅಧಿಕಾರಿಗಳು ಬೈದರೂ ತೆಗೆಯುತ್ತಿರಲಿಲ್ಲ. ಸುಗುಣ ಕೊಟ್ಟದ್ದು ಎಂದು ಹೇಳಿ ನಗುತ್ತಿದ್ದ.

ಸಾವಿರದ ಒಂಬೈನೂರ ನಲವತ್ತನಾಲ್ಕರ ಮಾರ್ಚಿಯ ಒಂದು ಬೆಳಿಗ್ಗೆ ಆರು ವಿಮಾನ ಹೋದವು. ಬಾಂಬು ಹಾಕಲು ಒಂದರ ಹಿಂದೆ ಒಂದು ನೆಟ್ಟಗೆ ಕೆಳಗೆ ಧುಮುಕಬೇಕು, ಹಾಕಿ ಮುಗಿದ ಮೇಲೆ ಗುಡ್ಡದ ನೆತ್ತಿ ಸವರಿಕೊಂಡು ಮತ್ತೆ ಗುಂಪು ಸೇರಬೇಕು. ತಿಮ್ಮನ ವಿಮಾನ ಹೊಳ್ಳರದ್ದಕ್ಕಿಂತ ಮೊದಲು ಧುಮುಕಿತ್ತು. ಹಾಗಾಗಿ ಅದು ಮುಂದೆ ಹೋಗಿದೆ ಎಂದೇ ಲೆಕ್ಕ. ಹಿಂದೆ ಬರಬೇಕಾದವರೆಲ್ಲ ಬಂದು ಸೇರಿದ್ದರು. ಅಷ್ಟರಲ್ಲಿ ಹೊಗೆಯೊಳಗಿಂದ, ಬಾಲದ ಕೆಳಗಿನಿಂದ, ಒಂದು ಮೂತಿ ಎದ್ದು ಬಂತು. ಅದರ ಬೆನ್ನಿಗೆ ಸೂರ್ಯ. ಜಪಾನಿಯರು ಹೀಗೇ ಬರುವುದೆಂದು ಕಲಿಸಿದ್ದರು. ಹೊಳ್ಳರ ಹೆಬ್ಬೆರಳು ಅಮುಕಿತು. ಎರಡು ಸೆಕೆಂಡು, ಹೆಚ್ಚೆಂದರೆ ಮೂರು.

ಆ ವಿಮಾನ ಪಕ್ಕಕ್ಕೆ ಮಗುಚಿತು. ಮಗುಚುವಾಗ ಅದರ ರೆಕ್ಕೆಯ ಮೇಲೆ ತಮ್ಮದೇ ಗುರುತು ಕಂಡಿತು. ಹಿಂದಿನ ಸೀಟಿನಲ್ಲಿ, ಇವರಿಗೆ ಬೆನ್ನು ಹಾಕಿ ಕೂತವನೊಬ್ಬ ಕಂಡ. ಅವನ ಕುತ್ತಿಗೆಯಲ್ಲಿ ಕೆಂಪು ಚೌಕುಳಿಯ ಬೈರಾಸು. ಅವನು ತನ್ನ ಕೆಲಸವನ್ನೇ ಮಾಡುತ್ತ ಹಿಂದೆ ನೋಡುತ್ತಿದ್ದ. ಮುಂದಿನಿಂದ ಏನು ಬಂತೆಂದು ನೋಡಲು ಅವನು ತಿರುಗಲೂ ಇಲ್ಲ. ಬೆಂಕಿ ಹತ್ತಿ ವಿಮಾನ ಗುಡ್ಡದ ಹಿಂದೆ ಇಳಿಯಿತು. ಪ್ಯಾರಾಚೂಟಿನ ಯಾವ ಕೊಡೆಯೂ ಬಿಚ್ಚಲಿಲ್ಲ.

"ಏನದು?" ಎಂದು ಕಿವಿಯೊಳಗೆ ಪೈಲಟ್ ಕೇಳಿದ.

"ವೈರಿ," ಎಂದರು ಹೊಳ್ಳರು.

"ಬಿತ್ತಾ?"

"ಬಿತ್ತು."

ಇಷ್ಟೇ ಮಾತು. ಇಳಿದ ಮೇಲೆ ಪೈಲಟ್ ಅಪ್ಪಿಕೊಂಡು ಬೆನ್ನು ತಟ್ಟಿದ. ಒಂದು ವಿಮಾನ ಬರಲಿಲ್ಲ ಎಂದು ತಿಳಿದಾಗ ಎಲ್ಲರೂ ಒಂದೇ ರೀತಿಯಲ್ಲಿ ಕೂಡಿಸಿ ನೋಡಿದರು. ಜಪಾನಿಯ ವಿಮಾನ ತಿಮ್ಮನದ್ದನ್ನು ಹೊಡೆಯಿತು, ಜಪಾನಿಯದ್ದನ್ನು ಹೊಳ್ಳ ಹೊಡೆದ. ಹೊಳ್ಳರು ಅಲ್ಲಗಳೆಯಲಿಲ್ಲ. ಕೆಳಗಿನ ಕಾಡು ಎರಡನ್ನೂ ನುಂಗಿತೆಂದು ಎಲ್ಲರೂ ತಿಳಿದರು, ಹೋಗಿ ನೋಡುವವರು ಯಾರು? ಊರಿಗೆ ತಂತಿ ಹೋಯಿತು: ತಿಮ್ಮ ಕಾಣೆ.

ಯುದ್ಧ ಮುಗಿದು ನಲವತ್ತಾರರಲ್ಲಿ ಊರಿಗೆ ಬಂದ ಹೊಳ್ಳರು ಮೊದಲು ಹೋದದ್ದು ಬೈಂದೂರಿಗೆ. ನಿಜ ಹೇಳಿಬಿಡಬೇಕೆಂದೇ ಹೋಗಿದ್ದರು. ಇದನ್ನು ಅವರ ಪರವಾಗಿ ಹೇಳಲೇಬೇಕು. ಆದರೆ ಅಂಗಳದಲ್ಲಿ ಇಪ್ಪತ್ತೊಂದರ ಸುಗುಣ ಹಣೆ ತುಂಬ ಕುಂಕುಮ ಇಟ್ಟುಕೊಂಡು ಬಂದು ನಿಂತಳು. ಆ ಹಣೆಯನ್ನು ನೋಡಿದ್ದೇ ಹೊಳ್ಳರಿಗೆ ತಮ್ಮ ಮನೆಯ ಸೋದರತ್ತೆ ನೆನಪಾದಳು. ಹದಿನಾಲ್ಕಕ್ಕೆ ಗಂಡ ಸತ್ತು, ಹಿತ್ತಲಲ್ಲಿ ಕ್ಷೌರದವನ ಮುಂದೆ ತಲೆ ಬಗ್ಗಿಸಿ ಕೂತ ಅತ್ತೆ. ಅತ್ತೆಯ ಜಡೆ ಮಣ್ಣಿಗೆ ಬಿದ್ದದ್ದನ್ನು ಏಳು ವರ್ಷದ ಸುಬ್ಬರಾಯ ಕಂಬದ ಮರೆಯಲ್ಲಿ ನಿಂತು ನೋಡಿದ್ದ. ಆಮೇಲೆ ಆಕೆ ಕೆಂಪು ಸೀರೆ ಸುತ್ತಿ ಅಡುಗೆಮನೆಯ ಕತ್ತಲಲ್ಲಿ ಐವತ್ತು ವರ್ಷ ಬದುಕಿದಳು, ಅದಕ್ಕೆ ಬದುಕು ಎನ್ನುವುದಾದರೆ. ಈ ಹುಡುಗಿಯನ್ನೂ ಅಲ್ಲಿಗೆ ತಳ್ಳಲೇ? ಕೊಂದವನೂ ನಾನೇ, ಬೋಳಿಸುವವನೂ ನಾನೇ ಆಗಲೇ?

"ನಾ ಕಂಡಿದ್ದೆ. ವಿಮಾನ ಬೀಳು ಮುಂಚೆ ಅವ ಹಾರಿದ. ಆಕಾಶದಲ್ ಕೊಡೆ ಬಿಚ್ಚಿತ್ತ್. ಬಿಳಿ ಕೊಡೆ. ಬತ್ತ ಅವ, ಬಪ್ದೇ," ಎಂದುಬಿಟ್ಟರು.

ಹೇಳಿದ ಮೇಲೆ ಎದೆ ಹಗುರಾಯಿತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ತಾನು ಒಂದೇ ಸುಳ್ಳಿನಿಂದ ಒಂದು ಮದುವೆಯನ್ನು ಉಳಿಸಿದೆನಲ್ಲ ಎಂದು ಹೊಳ್ಳರು ಸಮಾಧಾನ ಪಟ್ಟುಕೊಂಡರು. ಅಂದಿನಿಂದ ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ಬೈಂದೂರಿಗೆ ಹೋಗಿ ಬರುತ್ತಿದ್ದರು. ಸುಗುಣ ಊಟ ಹಾಕುತ್ತಿದ್ದಳು, ಹೊಳ್ಳರು ಉಣ್ಣುತ್ತಿದ್ದರು. ಮನೆಗೆ ಬಂದು ಬರೀ ಎಳನೀರು ಕುಡಿದೆ ಎನ್ನುತ್ತಿದ್ದರು. ಮಾಡಿದ ಪಾಪದ ಎದುರು ತಕ್ಕಡಿಯಲ್ಲಿ ಇಡಲು ಅವರ ಹತ್ತಿರ ಇದ್ದದ್ದು ಈ ಒಂದೇ ಪುಣ್ಯ: ಸುಗುಣಳ ಹಣೆಯ ಕುಂಕುಮ.

ಮರವಂತೆಯಲ್ಲಿ ಶ್ರೀರಾಮನ ಮೊಬೈಲು ಹೊಡೆದುಕೊಂಡಿತು. ವಿನಯಾ. "ಬೇಗ ಬನ್ನಿ ಅಂಬ್ರ್, ಅಜ್ಜಯ್ಯ. ಉಸ್ರ್ ಸರಿ ಎಳೀತಿಲ್ಯಂಬ್ರ್," ಎಂದು ಅವನು ಗಾಡಿಯ ವೇಗ ಏರಿಸಿದ. ಹಿಮ್ಮುಖವಾಗಿ ಕೂತ ಹೊಳ್ಳರ ಬಲಕ್ಕೆ ಕಡಲು ಸುಮ್ಮನೆ ಮಲಗಿತ್ತು. ನಾವು ಮುಟ್ಟುವ ಮೊದಲೇ ಆಕೆಯ ಉಸಿರು ನಿಂತುಬಿಡಲಿ ಎಂಬ ಒಂದು ಆಸೆ ಅವರ ಮನಸ್ಸಿನಲ್ಲಿ ತಲೆ ಎತ್ತಿತು. ಥೂ ಎಂದುಕೊಂಡರು. ಅದು ಹೋಗಲಿಲ್ಲ. ನಾವುಂದ, ಉಪ್ಪುಂದ ಎಂದು ಊರು ಹಿಂದೆ ಬಿದ್ದಂತೆಲ್ಲ ಆ ಆಸೆ ಬೆಳೆಯುತ್ತಲೇ ಹೋಯಿತು.

ಬೈಂದೂರಿನ ಮನೆಯ ಅಂಗಳದಲ್ಲಿ ಏಳೆಂಟು ಜನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಹೊಳ್ಳರನ್ನು ಕಂಡು ಎಲ್ಲರೂ ಎದ್ದು ನಿಂತರು. ಜಗಲಿಯ ಮೂಲೆಯಲ್ಲಿ, ಅಜ್ಜಿಗೆ ಕಾಣದ ಕಡೆ, ಒಂದು ಗೆರಸಿಯಲ್ಲಿ ಹಸಿರು ಬಳೆ, ಕುಂಕುಮದ ಪೊಟ್ಟಣ, ಬಾಳೆನಾರಿನಲ್ಲಿ ಕಟ್ಟಿದ ಮಲ್ಲಿಗೆ ತಂದಿಟ್ಟಿದ್ದರು. ಬದುಕಿರುವಾಗಲೇ ಹೊರಡಿಸುವ ಸಾಮಾನು ಸಿದ್ಧವಾಗಿತ್ತು. ಹೊಳ್ಳರು ಒಂದು ಮಾತು ಹೇಳಿದರೆ ಗೆರಸಿ ಒಳಗೆ ಹೋಗುತ್ತದೆ, ಇನ್ನೊಂದು ಹೇಳಿದರೆ ಹಿತ್ತಲಿಗೆ ಹೋಗುತ್ತದೆ.

ವಿನಯಾ ಸುಗುಣಳ ತಮ್ಮನ ಮೊಮ್ಮಗಳು. ಬಸ್‌ಸ್ಟ್ಯಾಂಡಿನ ಹತ್ತಿರ ಅವಳದ್ದೊಂದು ಬಟ್ಟೆಯಂಗಡಿ. ಹೊಳ್ಳರ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋಗಿ ಮಂಚದ ಪಕ್ಕ ಕುರ್ಚಿಯಲ್ಲಿ ಕೂರಿಸಿದಳು. ಕಿಟಕಿಯ ಬೆಳಕಿನಲ್ಲಿ ಸುಗುಣ ದಿಂಬಿಗೆ ಒರಗಿದ್ದಳು. ಎಂಬತ್ತೆಂಟರ ಮುಖ ಒಣಗಿ ಚಿಕ್ಕದಾಗಿತ್ತು. ಹಣೆಯ ಕುಂಕುಮ ಮಾತ್ರ ಹಿಂದಿನಷ್ಟೇ ದೊಡ್ಡದು.

"ಬಂದ್ರ್ಯಾ, ಹೊಳ್ಳ್ರೇ?"

"ಬಂದೆ."

"ವಿನಯಾ, ಬಾಗಿಲ್ ಎಳ್ಕ. ನೀ ಇಲ್ಲೇ ಇರ್." ಸುಗುಣ ಉಸಿರು ಹಿಡಿದು ಹಿಡಿದು ಮಾತಾಡಿದಳು. "ನಂಗ್ ಹೆಚ್ಚ್ ಹೊತ್ತ್ ಇಲ್ಲೆ. ಹೊರ್ಗಿದ್ದವ್ರ್ ನನ್ನನ್ನ ಹ್ಯಾಂಗ್ ಕಳ್ಸುದ್ ಅಂತ ಕೇಂತ್ರ್. ನಂಗ್ ಅದಲ್ಲ. ನಂಗೇ ಗೊತ್ತಾಯ್ಕ್. ಕೊಡೆ ಬಿಚ್ಚಿತ್ತಾ?"

ನಾಲಿಗೆಯ ತುದಿಗೆ ಹಳೆಯ ಮಾತೇ ಬಂತು. ಎಪ್ಪತ್ತು ವರ್ಷ ಹೇಳಿದ ಮಾತು, ಅದಕ್ಕೆ ದಾರಿ ಗೊತ್ತು. "ಬಿಚ್ಚಿ..." ಎಂದರು ಹೊಳ್ಳರು.

ಸುಗುಣ ಅವರ ಮುಖವನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಬೇಡಿಕೆ ಇರಲಿಲ್ಲ, ಅನುಮಾನವೂ ಇರಲಿಲ್ಲ. ಸುಮ್ಮನೆ ಕಾಯುತ್ತಿದ್ದಳು. ಕಾಯುವುದು ಅವಳಿಗೆ ಅಷ್ಟು ರೂಢಿಯಾಗಿಹೋಗಿತ್ತು. ಅದನ್ನು ನೋಡಿದ್ದೇ ಹೊಳ್ಳರೊಳಗೆ ಏನೋ ಕಳಚಿ ಬಿತ್ತು.

"ಬಿಚ್ಚಲಿಲ್ಲ, ಸುಗುಣಾ," ಎಂದರು. "ಅವ ಹಾರಲೇ ಇಲ್ಲ. ವಿಮಾನ ಹೊತ್ಕಂಡ್ ಬಿತ್ತ್, ಅದ್ರೊಟ್ಟಿಗೇ ಹೋದ. ಹೊಡ್ದದ್ದ್ ಜಪಾನಿನವ್ರಲ್ಲ. ನಾನ್. ಹೊಗೆಯಲ್ ನಂಗ್ ಗುರ್ತ ಸಿಕ್ಕಲಿಲ್ಲ. ಹಿಂದಿಂದ ಬಂತ್, ವೈರಿ ಅಂದ್ಕಂಡೆ, ಹೊಡ್ದೆ. ಆಮೇಲ್ ಕಂಡೆ, ನೀ ಕೊಟ್ಟ ಬೈರಾಸ್ ಅವ್ನ ಕುತ್ಗಿಲ್ ಇದ್ದಿತ್."

ಬಾಗಿಲ ಹತ್ತಿರ ನಿಂತ ವಿನಯಾ ಬಾಯಿಗೆ ಕೈ ಹಿಡಿದಳು. ಹೊಳ್ಳರು ತಲೆ ಬಗ್ಗಿಸಿ ಕೂತರು. ಶಾಪ ಬರಲಿ, ಉಗುಳಲಿ, ಎದ್ದು ಹೊಡೆಯಲಿ, ಏನು ಬಂದರೂ ಬರಲಿ ಎಂದುಕೊಂಡರು.

"ಅವ್ರಿಗ್ ಗೊತ್ತಾಯ್ತಾ, ಯಾರ್ ಹೊಡ್ದದ್ ಅಂತ?" ಎಂದು ಸುಗುಣ ಕೇಳಿದಳು.

"ಇಲ್ಲ. ಅವ ತಿರುಗ್ಲೇ ಇಲ್ಲ."

"ಅಷ್ಟ್ ಸಾಕ್." ಅವಳ ಕಣ್ಣಂಚಿನಿಂದ ಒಂದೇ ಒಂದು ಹನಿ ಇಳಿದು ಕಿವಿಯೊಳಗೆ ಹೋಯಿತು. "ಅದ್ ಯುದ್ಧ. ನೀವ್ ಬೇಕಂದೇಳಿ ಮಾಡದ್ದಲ್ಲ. ಅದಕ್ಕ್ ನಾ ನಿಮ್ಗೆ ಎಂತ ಹೇಳ್ಲಿ? ಅದನ್ನ ನಾ ಹಿಡ್ಕಂಬುದಿಲ್ಲೆ."

ಹೊಳ್ಳರಿಗೆ ನಂಬಲಾಗಲಿಲ್ಲ. ಎಪ್ಪತ್ತು ವರ್ಷ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದ ಕಲ್ಲನ್ನು ಈ ಹೆಂಗಸು ಹೀಗೆ ಎತ್ತಿ ಪಕ್ಕಕ್ಕಿಟ್ಟಳೇ? ಕೈ ಮುಗಿಯಲು ಹೋದರು. ಸುಗುಣ ತಲೆ ಅಲ್ಲಾಡಿಸಿದಳು.

"ತಡೀನಿ. ಮುಗೀಲಿಲ್ಲ. ಆ ಕೊಡೆ ಎಂತಕ್ ಹುಟ್ಸಿದ್ರಿ?"

"ನಿನ್ನ್ ಕುಂಕುಮ ಉಳೀಲಿ ಅಂತ," ಎಂದರು ಹೊಳ್ಳರು. ಇದನ್ನು ಹೇಳುವಾಗ ಅವರ ದನಿಗೆ ಸ್ವಲ್ಪ ಬಲ ಬಂತು. ಇದೊಂದು ಅವರು ನಾಚದೆ ಹೇಳಬಹುದಾದ ಮಾತು. "ನಮ್ಮತ್ತೆ ತಲೆ ಬೋಳ್ಸಿದ್ದನ್ನ ನಾ ಸಣ್ಣ್ ಪ್ರಾಯದಲ್ ಕಂಡಿದ್ದೆ. ಗಂಡ ಸತ್ತವ್ಳ ಬಾಳ್ ಎಂತದ್ ಅಂತ ನಂಗ್ ಗೊತ್ತಿತ್ತ್. ನಿಂಗ್ ಹಾಂಗ್ ಆಪ್ದ್ ಬ್ಯಾಡ ಅಂತ."

ಸುಗುಣಳಿಗೆ ನಗು ಬಂತು. ಅದು ಕೆಮ್ಮಾಗಿ, ವಿನಯಾ ಓಡಿಬಂದು ನೀರು ಕುಡಿಸಿದಳು.

"ನಿಮ್ಮತ್ತೆ!" ಎಂದಳು ಸುಗುಣ. "ಹೊಳ್ಳ್ರೇ, ನಾವ್ ಎಂತ ಬ್ರಾಹ್ಮರಾ? ನಮ್ಮಲ್ಲಿ ತಲೆ ಬೋಳ್ಸುದ್ ಯಾರ್ ಕಂಡದ್ದ್? ಗಂಡ ಸತ್ರೆ ಒಂದ್ ವರ್ಷ ಸುಮ್ನಿಪ್ಪುದ್. ಮತ್ತೆ ಮನಸ್ಸಿದ್ದವ್ಳಿಗೆ ಯಾರಾರೂ ಸೀರೆ ಕೊಟ್ಟ್ ಕರ್ಕಂಡ್ ಹೋತ್ರ್. ನನ್ ದೊಡ್ಡಮ್ಮ ಎರಡ್ನೇ ಗಂಡನ್ ಮನೆಯಲ್ ಐದ್ ಮಕ್ಳ್ ಹೆತ್ತಿದ್ದ್. ಯಾರೂ ಒಂದ್ ಮಾತ್ ಹೇಳ್ಲಿಲ್ಲ."

ಹೊಳ್ಳರ ಕೈ ಮುಗಿದಲ್ಲೇ ನಿಂತಿತು.

"ಸ್ವಾತಂತ್ರ್ಯ ಬಂದ್ ಮೂರ್ನಾಕ್ ವರ್ಷಕ್ಕೆ ನಾ ನಿಮ್ಮನೆ ಅಂಗ್ಳಕ್ ಬಂದಿದ್ದೆ. ನೆನ್ಪಿತ್ತಾ?"

ನೆನಪಿತ್ತು. ಒಂದು ಮಧ್ಯಾಹ್ನ ಅವಳು ಬಂದು ಅಂಗಳದ ಆಚೆ ನಿಂತು, ನಿಜ ಹೇಳಿ, ಅವರು ಬರುತ್ತಾರಾ ಎಂದು ಕೇಳಿದ್ದಳು. ಬತ್ತ ಎಂದು ಇವರು ಎದೆ ತಟ್ಟಿ ಹೇಳಿದ್ದರು. ಆ ದಿನ ಎಲೆಯಡಿಕೆ ಹಾಕಿಕೊಂಡು ಬಹಳ ಸಂತೋಷದಲ್ಲಿ ಮಲಗಿದ್ದರು.

"ನಾ ಒಬ್ಳೇ ಬರ್ಲಿಲ್ಲ. ರಸ್ತೆ ಬದೀಲ್ ಪದ್ದು ನಿಂತಿದ್ದಿದ್ದ. ಇದೇ ಊರಿನವ, ಎತ್ತಿನ್ ಗಾಡಿ ಇಟ್ಕಂಡಿದ್ದ. ಎರಡ್ ವರ್ಷದಿಂದ ನನ್ನನ್ನ ಕೇಂತಿದ್ದ. ನಂಗೂ ಮನಸ್ಸಿದ್ದಿತ್. ನೀವ್ 'ಇಲ್ಲ' ಅಂದಿದ್ರೆ ಅಲ್ಲಿಂದ್ಲೇ ಅವ್ನ ಗಾಡಿ ಹತ್ತುದ್ ಅಂತ ಮಾತಾಯ್ದಿತ್. ಹೊಸ ಸೀರೆ ಗಾಡೀಲ್ ಇದ್ದಿತ್." ಸುಗುಣ ಉಸಿರಿಗೆ ನಿಂತಳು. "ಆದ್ರೆ ಗಂಡ ಬದ್ಕಿದ್ದವ್ಳ್ ಬೇರೆಯವ್ನ್ ಗಾಡಿ ಹ್ಯಾಂಗ್ ಹತ್ತುದ್? ಪದ್ದು ಮತ್ತೆ ನಾಕ್ ವರ್ಷ ಕಾದ. ಮತ್ತೆ ಬೇರೆ ಕಟ್ಕಂಡ. ನಾ ಈ ಕಿಟ್ಕೀಲ್ ಕೂತೆ."

ಅವಳು ಹೇಳಿದ ಪದ್ಧತಿ ಹೊಳ್ಳರಿಗೆ ಗೊತ್ತಿಲ್ಲದ್ದೇನಲ್ಲ. ಇದೇ ಊರಿನಲ್ಲಿ ಹುಟ್ಟಿ ಇದೇ ನೀರು ಕುಡಿದವರು, ಎಷ್ಟೋ ಮನೆಯಲ್ಲಿ ಕಣ್ಣಾರೆ ನೋಡಿದವರು. ಗೊತ್ತಿದ್ದೂ ಅವರಿಗೆ ಅದು ಹೊಳೆಯಲಿಲ್ಲ. ತಮ್ಮ ಮನೆಯ ಹಿತ್ತಲಿನ ದುಃಖವೇ ಲೋಕದ ದುಃಖ ಎಂದುಕೊಂಡು, ತಮ್ಮ ಅತ್ತೆಯ ಶಿಕ್ಷೆಯಿಂದ ಈ ಹುಡುಗಿಯನ್ನು ಪಾರು ಮಾಡುವ ಭರದಲ್ಲಿ, ಅವಳಿಗಿಲ್ಲದ ಶಿಕ್ಷೆಯೊಂದನ್ನು ತಾವೇ ತಯಾರಿಸಿ ಕೊಟ್ಟಿದ್ದರು. ಒಂದು ಸಲವೂ ಕೇಳಲಿಲ್ಲ. ಎಪ್ಪತ್ತು ದೀಪಾವಳಿ ಅವಳ ಕೈಯ ಊಟ ಉಂಡು ಒಂದು ಸಲವೂ ಕೇಳಲಿಲ್ಲ. ತಿಮ್ಮನನ್ನು ಕೊಂದದ್ದು ಮೂರು ಸೆಕೆಂಡಿನಲ್ಲಿ, ಕೈ ತಪ್ಪಿ. ಇದನ್ನು ವರ್ಷ ವರ್ಷ ನೋಡಿ ನೋಡಿ, ತಿಳಿದು, ಪುಣ್ಯ ಎಂದುಕೊಂಡು ಮಾಡಿದ್ದರು. ತಕ್ಕಡಿಯಲ್ಲಿ ಆ ಕಡೆ ಇಡಲು ಇನ್ನು ಏನೂ ಉಳಿಯಲಿಲ್ಲ.

"ವಿನಯಾ," ಎಂದಳು ಸುಗುಣ, "ಹೊರ್ಗಿದ್ದ ಹೂ ಬಳೆ ತೆಗ್ದಿಡುಕ್ ಹೇಳ್. ಬೆಚ್ಚ್ ನೀರ್ ಕಾಯ್ಸ್. ನಂಗೆ ಗಂಡ ಸತ್ತದ್ದ್ ಇವತ್ತ್. ಮೀಯ್ಕ್." ಸೆರಗಿನ ತುದಿಯಿಂದ ತಾನೇ ಹಣೆ ಒರೆಸಿಕೊಂಡಳು. ಕುಂಕುಮ ಹಣೆ ತುಂಬ ಹರಡಿ ಕೆಂಪಾಯಿತು; ಎರಡನೆಯ ಸಲ ಒರೆಸಿದಾಗ ಹೋಯಿತು. ಅದರ ಕೆಳಗೆ ಒಂದು ಬಿಳಿಯ ಗುಂಡನೆಯ ಕಲೆ ಇತ್ತು. ವಿನಯಾ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

"ಅಳ್ಬೇಡ, ಹೆಣ್ಣೇ. ಹೊಳ್ಳ್ರೇ, ಇತ್ಲಾಗ್ ಬನಿ. ಕರಿಮಣಿ ತೆಗೀನಿ."

"ನಾನಾ?"

"ನಮ್ಮಲ್ಲಿ ಅದನ್ನ ತೆಗೂಕ್ ಗಂಡನ್ ಕಡೆಯವ್ರೇ ಆಯ್ಕ್. ಅಮಾಸೆಬೈಲಿನ್ ಮನೆಯಲ್ ಒಬ್ರೂ ಉಳೀಲಿಲ್ಲ. ಅವ್ರ್ ಕಡೆಯವ್ರ್ ಅಂದೇಳಿ ಈ ಬಾಗ್ಲಿಗ್ ಬಂದದ್ದ್ ನೀವೊಬ್ರೇ. ಹೂಂ, ತೆಗೀನಿ."

ಹೊಳ್ಳರು ಎದ್ದರು. ಮಂಚದ ಅಂಚು ಹಿಡಿದು ಬಗ್ಗಿದರು. ಯಾವುದನ್ನು ನೋಡಬಾರದೆಂದು ಆ ಸುಳ್ಳು ಹೇಳಿದ್ದರೋ ಅದನ್ನು ಈಗ ತಮ್ಮ ಕೈಯಾರೆ ಮಾಡಬೇಕಿತ್ತು. ಸುಗುಣ ತಲೆ ತಗ್ಗಿಸಿ ಕುತ್ತಿಗೆಯ ಹಿಂಭಾಗವನ್ನು ಅವರಿಗೆ ಕೊಟ್ಟಳು. ತೆಳ್ಳಗಿನ ಕುತ್ತಿಗೆ, ನಾಲ್ಕು ಬಿಳಿ ಕೂದಲು. ಕೊಂಡಿ ತುಕ್ಕು ಹಿಡಿದು ಬಿಗಿದಿತ್ತು. ಎಪ್ಪತ್ತು ವರ್ಷ ಯಾರೂ ಬಿಚ್ಚದ ಕೊಂಡಿ. ಹೆಬ್ಬೆರಳಿನಿಂದ ಅಮುಕಿದರು, ಜಾರಿತು. ಮತ್ತೆ ಅಮುಕಿದರು. ಕಣ್ಣು ಮಂಜಾಗಿ ಕೊಂಡಿ ಕಾಣಲಿಲ್ಲ, ಕೈಯಲ್ಲಿ ತಡಕಿ ತಡಕಿ ಹುಡುಕಿದರು. ಎಷ್ಟೋ ಹೊತ್ತಿನ ಮೇಲೆ ಅದು ಕಳಚಿತು.

ಅವರು ಕರಿಮಣಿಯನ್ನು ಅಂಗೈಯಲ್ಲಿ ಹಿಡಿದುಕೊಂಡು, ಎಲ್ಲಿ ಇಡಬೇಕೆಂದು ತಿಳಿಯದೆ, ಅವಳ ಮುಂದೆ ಚಾಚಿದರು.

ಸುಗುಣ ಅದನ್ನು ಮುಟ್ಟಲಿಲ್ಲ. ಅವರ ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಷ್ಟಿ ಮುಚ್ಚಿಸಿದಳು.

"ನೀವೇ ಇಟ್ಕಣಿ, ಹೊಳ್ಳ್ರೇ. ಅವ್ರ್ ಕಟ್ಟಿದ್ದ್ ಬರೀ ಎರಡ್ ವರ್ಷಕ್ಕೆ. ಮತ್ತಿನ್ ಎಪ್ಪತ್ತ್ ವರ್ಷ ಇದನ್ನ ನನ್ ಕುತ್ಗಿಗ್ ಕಟ್ಟಿದ್ದ್ ನೀವ್."